ಸೊನ್ನೆ ಮೇಡಂ ಕೊಂಡ ಸ್ವಿಚ್ಚುಗಳು

"ಅಮ್ಮಾ, ದೊಡ್ಡಮ್ಮನ ಕೋಣೆಯಲ್ಲಿರೋ ವಿಮಾನ ಯಾವಾಗ ಹಾರತ್ತೆ?"

ಮೆಟ್ಟಿಲ ಕೆಳಗೆ ಗೊಂಬೆಗಳಿಗೆ ಊಟ ಬಡಿಸುತ್ತಿದ್ದ ಮಗಳು ಕೇಳಿದಾಗ, ಒಗೆದ ಬಟ್ಟೆಗಳನ್ನು ತಂತಿಯಿಂದ ತೆಗೆದು ಒಳಗೆ ತರುತ್ತಿದ್ದ ತಾಯಿ ನಕ್ಕುಬಿಟ್ಟಳು. ಮಗು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಹಡಿಯ ಕೋಣೆಯಿಂದ ಕೆಲವು ವಾರಗಳಿಂದ ಗುಂಯ್ ಎಂದು ಒಂದೇ ಸಮನೆ ಸದ್ದು ಬರುತ್ತಿತ್ತು. ವಿಮಾನ ಇನ್ನೇನು ನೆಲ ಬಿಟ್ಟೇಬಿಟ್ಟಿತು ಎನ್ನುವಂಥ ಸದ್ದು, ಬಿಡುತ್ತಿರಲಿಲ್ಲ ಅಷ್ಟೇ. ಅದು ಮೊದಲು ಮಗುವಿನ ಆಟದ ಕೋಣೆ. ದೊಡ್ಡಮ್ಮ ಓದಬೇಕೆಂದು ಗೊಂಬೆಗಳ ಸಂಸಾರವನ್ನೆಲ್ಲ ಮೆಟ್ಟಿಲ ಕೆಳಗೆ ಸಾಗಿಸಿದ್ದರು.

"ಪರೀಕ್ಷೆ ಪಾಸಾದ ಮೇಲೆ ಹಾರತ್ತೆ ಪುಟ್ಟಿ" ಎಂದಳು ತಾಯಿ.

ದೊಡ್ಡಮ್ಮ ಎಂದರೆ ಅವಳ ಸ್ವಂತ ಅಕ್ಕ, ಜೊತೆಯಲ್ಲೇ ಇದ್ದಳು. ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಯಾವ ವಾರ್ಡಿನಲ್ಲಿ ಯಾರು ಸೊನ್ನೆ ಒತ್ತಿದರೂ ಅವಳ ದನಿ ಕೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಸೊನ್ನೆ ಮೇಡಂ. ಯಾವ ಡಾಕ್ಟರು ಯಾವ ಹೊತ್ತಿಗೆ ಎಲ್ಲಿರುತ್ತಾರೆ, ಮನೆಯಿಂದ ಫೋನ್ ಬಂದರೆ ಆಪರೇಷನ್ನಿನಲ್ಲಿದ್ದಾರೆ ಎನ್ನಿ ಎಂದು ಯಾರು ಹೇಳಿಟ್ಟಿದ್ದಾರೆ, ಎಲ್ಲವೂ ನಾಲಿಗೆಯ ತುದಿಯಲ್ಲಿ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಲೈನ್ ಬ್ಯುಸಿ ಇತ್ತು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈಗ ಆಸ್ಪತ್ರೆಯವರು ಫೋನುಗಳನ್ನೆಲ್ಲ ಕಂಪ್ಯೂಟರ್ ಜಾಲಕ್ಕೆ ಸೇರಿಸಿ, ಆಪರೇಟರ್ ಬೋರ್ಡನ್ನು ತೆಗೆಯಲು ಹೊರಟಿದ್ದರು. ನೆಟ್‌ವರ್ಕ್ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ತಂದವರಿಗೆ ಆ ವಿಭಾಗದಲ್ಲಿ ಕುರ್ಚಿ. ತರದವರಿಗೆ ನೆಲಮಾಳಿಗೆಯ ಉಗ್ರಾಣದಲ್ಲಿ ಹಾಸಿಗೆ ಹೊದಿಕೆ ಮಡಚುವ ಕೆಲಸ. ಮಾತಾಡುತ್ತಲೇ ಕೂದಲು ನರೆಸಿಕೊಂಡವಳಿಗೆ ಅದು ಬಾಯಿ ಹೊಲಿದುದಕ್ಕೆ ಸಮ.

ಆ ಪರೀಕ್ಷೆಗೆ ಪುಸ್ತಕ ಓದಿದರೆ ಸಾಲದು, ಕೈ ಪಳಗಬೇಕು. ಅದಕ್ಕೆಂದು ಓದುವವರು ಹಳೆಯ ಸ್ವಿಚ್ಚುಗಳನ್ನು ಕೊಂಡು ತಂದು ಮನೆಯಲ್ಲೇ ಅಭ್ಯಾಸ ಮಾಡುತ್ತಾರೆ. ದೀಪದ ಸ್ವಿಚ್ಚಲ್ಲ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ, ಮುಂಭಾಗದಲ್ಲಿ ಸಾಲು ತೂತುಗಳಿರುವ ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಅಕ್ಕ ಎರಡನ್ನು ತಂದಳು. ತಂಗಿಯ ಗಂಡನೆಂಬ ಸಂಕೋಚವಿಲ್ಲದೆ ಅವನ ಕೈಲೇ ಮಹಡಿಗೆ ಹೊರಿಸಿದಳು. ಅವನು ಏದುಸಿರು ಬಿಡುತ್ತ, ಇದರೊಳಗೆ ಆಸ್ಪತ್ರೆಯನ್ನೇ ತುಂಬಿ ತಂದಿದ್ದೀರಾ ಎಂದು ಕೇಳಿದ್ದ.

ಅಂದು ಊಟಕ್ಕೆ ಕೂತಾಗ ಅಕ್ಕ ಅಂಗಡಿಯ ಕತೆಯನ್ನು ಗೆದ್ದು ಬಂದವಳಂತೆ ಹೇಳಿದ್ದಳು. ಜೊತೆಗೆ ಹೋಗಿದ್ದವಳು ರಾತ್ರಿ ಪಾಳಿಯ ಆಪರೇಟರ್. ಎಷ್ಟೋ ವರ್ಷಗಳಿಂದ ದಿನಾ ಬೆಳಗ್ಗೆ ಅವಳ ಕಿವಿಯಿಂದ ಬಿಚ್ಚಿದ ಹೆಡ್‌ಫೋನು ಇವಳ ಕೈಗೆ ಬರುತ್ತಿತ್ತು. ಆಪರೇಟರ್ ಲೆಕ್ಕದಲ್ಲಿ ಲೈನ್ ಹೆಚ್ಚಿದ್ದಷ್ಟೂ ಬೋರ್ಡು ದೊಡ್ಡದು; ಹಾಗಾಗಿ ಅಕ್ಕ ಹುಡುಕಿದ್ದು ಎಲ್ಲಕ್ಕಿಂತ ಹೆಚ್ಚು ತೂತುಗಳಿದ್ದ ಪೆಟ್ಟಿಗೆ. ಒಂದೊಂದು ತೂತಿಗೂ ತಂತಿ ಚುಚ್ಚಿ, ದೀಪ ಹೊತ್ತಿಕೊಂಡಿದ್ದನ್ನು ನೋಡಿದಳು. ಪೆಟ್ಟಿಗೆಯ ಮೈಮೇಲೆ ಒಂದು ಗೀರಿಲ್ಲ. ಗೆಳತಿಯೋ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಪ್ರತಿ ಪೆಟ್ಟಿಗೆಯ ಹಿಂದೆ ಮುಂದೆ ಟಾರ್ಚ್ ಹಾಕಿ, ಅಂಗಡಿಯವನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಕೊನೆಗೆ ಬಣ್ಣ ಕಿತ್ತುಹೋದ, ಯಾವುದೋ ಆಫೀಸಿನ ಚೀಟಿ ಅಂಟಿಕೊಂಡಿದ್ದ ಸಣ್ಣ ಸಣ್ಣವನ್ನು ಆರಿಸಿಕೊಂಡಳಂತೆ.

"ಸ್ವಿಚ್ಚು ಕೊಳ್ತಿದ್ದೀಯೋ, ಅದರ ತಲೇಲಿ ಹೇನು ಹುಡುಕ್ತಿದ್ದೀಯೋ ಅಂದೆ. ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕರು" ಎಂದು ಅಕ್ಕ ಹೇಳಿದಾಗ ಮನೆಯವರೂ ನಕ್ಕಿದ್ದರು. ಗೆಳತಿ ನಕ್ಕಳೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ತಂಗಿ ಬಟ್ಟೆಯ ರಾಶಿ ಅಪ್ಪಿಕೊಂಡು ಮಹಡಿ ಹತ್ತಿದಳು. ಕೈ ಖಾಲಿಯಿಲ್ಲದ್ದರಿಂದ ಬಾಗಿಲು ತಟ್ಟದೆ ಮೊಣಕೈಯಿಂದ ನೂಕಿದಳು. ಪೆಟ್ಟಿಗೆಗಳು ಒಳಗಿನ ಫ್ಯಾನ್ ತಿರುಗಿಸುತ್ತ ಗುಂಯ್ಗುಡುತ್ತಿದ್ದವು, ಹಸಿರು ದೀಪಗಳು ಮಿಣುಕುತ್ತಿದ್ದವು. ಅಕ್ಕ ಅವುಗಳ ಮುಂದೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಪುಸ್ತಕ ಮೊದಲ ಪಾಠದಲ್ಲೇ ಬೋರಲು ಬಿದ್ದಿತ್ತು. ಲ್ಯಾಪ್‌ಟಾಪಿನಿಂದ ಹೊರಟ ಚಪ್ಪಟೆ ನೀಲಿ ತಂತಿಯೊಂದು ಮೇಜಿನಂಚಿನಿಂದ ಜೋತುಬಿದ್ದಿತ್ತು.

ಹಿಂದೆಯೇ ಬಂದಿದ್ದ ಪುಟ್ಟಿ ತಂತಿಯ ತುದಿ ಹಿಡಿದುಕೊಂಡು, ಇದನ್ನು ಎಲ್ಲಿಗೆ ಹಾಕೋದು ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಕ್ಕ ಬೆಚ್ಚಿ ತಂತಿ ಕಿತ್ತುಕೊಂಡಳು. ಆಮೇಲೆ ಮಗುವಿನ ಮುಖ ನೋಡಲಾರದೆ, "ಅದಕ್ಕೆ ಜಾಗ ಇಲ್ಲಮ್ಮ" ಎಂದಳು. "ನಲವತ್ತೆಂಟು ತೂತಿದೆ. ಬೇಕಾದ ಆ ಒಂದೇ ಒಂದು ಇಲ್ಲ."

ಅವಳು ಬಿಡಿಸಿ ಹೇಳಿದಾಗ ತಂಗಿಗೆ ಅರ್ಥವಾಯಿತು. ಸ್ವಿಚ್ಚುಗಳಲ್ಲಿ ಎರಡು ಜಾತಿ. ಒಂದು, ನಾವು ಹೇಳಿದ ಹಾಗೆ ಕೇಳುವಂಥದ್ದು; ನೀಲಿ ತಂತಿ ಚುಚ್ಚಿ ಅದಕ್ಕೆ ಆಜ್ಞೆ ಬರೆಯಬಹುದು. ಪರೀಕ್ಷೆಗೆ ಕಲಿಯಬೇಕಾದದ್ದು ಅದನ್ನೇ. ಇನ್ನೊಂದು, ತಂತಿ ಚುಚ್ಚಿದರೆ ತಾನಾಗಿ ಜೋಡಿಸುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ. ಅಕ್ಕ ತಂದದ್ದು ಎರಡೂ ಕಿವುಡು. ಗೆಳತಿ ಟಾರ್ಚ್ ಹಾಕಿ ಹುಡುಕಿದ್ದು ಆ ಒಂದು ತೂತನ್ನು.

"ಮತ್ತೆ ದಿನಾ ಯಾಕೆ ಹಾಕ್ಕೊಂಡು ಕೂರ್ತೀಯ?"

"ಸದ್ದು ನಿಂತ್ರೆ ನೀವು ಕೇಳ್ತೀರಲ್ಲ, ಯಾಕೆ ಓದ್ತಿಲ್ಲ ಅಂತ."

ಅಕ್ಕ ಬಗ್ಗಿ ಎರಡೂ ಪೆಟ್ಟಿಗೆಗಳನ್ನು ಆರಿಸಿದಳು. ಮನೆ ಇದ್ದಕ್ಕಿದ್ದ ಹಾಗೆ ಬಿಕೋ ಎಂದಿತು. ವಿಮಾನ ಕೆಟ್ಟೋಯ್ತಾ ಎಂದು ಪುಟ್ಟಿ ಪಿಸುಗುಟ್ಟಿದಳು.

ತಂಗಿ ದಾರಿ ಹುಡುಕತೊಡಗಿದಳು. ಅಂಗಡಿಯವನು ಬದಲಾಯಿಸಿ ಕೊಡುವುದಿಲ್ಲವೇ? ಹಳೆಯ ಮಾಲು ವಾಪಸಿಲ್ಲವೆಂದು ಗೋಡೆಯ ಮೇಲೆ ಬರೆದು ಹಾಕಿದ್ದಾನೆ. ಬೇರೆಯದನ್ನು ಹುಡುಕಬಾರದೇ? ಪರೀಕ್ಷೆ ಮುಂದಿನ ತಿಂಗಳೇ. ಒಂದೊಂದಕ್ಕೂ ಅಕ್ಕನ ಬಳಿ ಒಂದೊಂದು ಉತ್ತರ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು.

ತಂಗಿ ರಾಶಿಯಿಂದ ಮಂಚದ ಹೊದಿಕೆಯೊಂದನ್ನು ಎಳೆದು ಎರಡು ಮೂಲೆಗಳನ್ನು ಅಕ್ಕನ ಕೈಗೆ ಕೊಟ್ಟಳು. ಇಬ್ಬರೂ ಜಗ್ಗಿ ಕೊಡವಿ, ಹತ್ತಿರ ಬಂದು, ಮೂಲೆಗೆ ಮೂಲೆ ಸೇರಿಸಿದರು. ಎರಡನೆಯ ಮಡಿಕೆಗೆ ಬರುವಾಗ ಅಕ್ಕನ ಕೈ ನಿಂತಿತು. ನೆಲಮಾಳಿಗೆಯ ಉಗ್ರಾಣ ಅವಳ ಕಣ್ಣ ಮುಂದೆ ಬಂದಿರಬೇಕು.

"ಅವತ್ತಿಂದ ಅವಳು ಹೆಡ್‌ಫೋನ್ ಕೈಗೆ ಕೊಡಲ್ಲ ಕಣೇ" ಎಂದಳು. "ಮೇಜಿನ ಮೇಲಿಟ್ಟು ಹೋಗ್ತಾಳೆ. ಹೇನು ಅಂದಿದ್ದಷ್ಟೇ ಅಲ್ಲ. ಇಷ್ಟು ವರ್ಷ ಕೂತರೂ ಇವಳಿಗೆ ಸತ್ತ ಲೈನ್ ಯಾವುದು, ಬದುಕಿರೋದು ಯಾವುದು ಗೊತ್ತಾಗಲ್ಲ ಅಂತ ಅಂಗಡಿಯವನಿಗೆ ಹೇಳಿದೆ. ಅದನ್ನ ನಿಮಗೆ ಹೇಳಲಿಲ್ಲ."

ನುಂಗಲಾರದ ತುತ್ತು ಅದೇ ಇತ್ತು. ತಂಗಿಗೆ ಅಂದು ಊಟದಲ್ಲಿ ತಾನು ನಕ್ಕಿದ್ದು ನೆನಪಾಗಿ ತಲೆ ತಗ್ಗಿತು. ಅಕ್ಕ ಪೂರ್ತಿ ಮಡಚದ ಹೊದಿಕೆಯನ್ನು ಎದೆಗೊತ್ತಿಕೊಂಡು ಮಂಚದ ಮೇಲೆ ಕೂತಳು.

"ಅವಳ ಮನೇಲಿ ಅವಳ ಪೆಟ್ಟಿಗೆಗಳ ಮುಂದೆ ದಿನಾ ಒಂದು ಗಂಟೆ ಕೂತ್ಕೊಳ್ಳೋಕೆ ಬಿಡ್ತೀಯಾ ಅಂತ ಕೇಳಬೇಕು. ಎಷ್ಟು ಸಲ ಫೋನ್ ಮಾಡಿದ್ದೀನಿ ಗೊತ್ತಾ? ಅವಳು ಹಲೋ ಅನ್ನೋ ಮೊದಲೇ ಇಟ್ಟುಬಿಡ್ತೀನಿ. ಊರಿಗೆಲ್ಲ ಲೈನ್ ಕೊಟ್ಟವಳು ನಾನು."

ಅವಳು ಮಗುವನ್ನು ಹತ್ತಿರ ಎಳೆದುಕೊಂಡು ತಲೆ ನೇವರಿಸಿದಳು. ಆಮೇಲೆ ಕಣ್ಣೆತ್ತದೆಯೇ ಕೇಳಿದಳು:

"ನಿನ್ನ ಫೋನಿಂದ ಒಂದು ಲೈನ್ ಹಾಕಿಕೊಡ್ತೀಯಾ? ಅವಳು ಎತ್ತಿದ ಕೂಡಲೇ, ನಮ್ಮಕ್ಕ ಮಾತಾಡ್ತಾಳೆ, ಇಡಬೇಡಿ ಅಂತ ಹೇಳಿಬಿಡು. ಅಷ್ಟು ಹೇಳಿದ ಮೇಲೆ ನಾನು ಓಡಿಹೋಗೋಕಾಗಲ್ಲ."