ಸ್ಪೀಕರ್ ವೈರು ಮತ್ತು ಅಪ್ಪನ ಕಿವಿ

ನಮ್ಮ ಮನೆಯ ಸೋಫಾದ ಹಿಂದೆ, ಪೊರಕೆ ತಲುಪದ ಜಾಗದಲ್ಲಿ, ಒಂದು ಜೋಡಿ ವೈರು ಸುರುಳಿ ಸುತ್ತಿಕೊಂಡು ಮಲಗಿದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಹೊದಿಕೆ, ಒಳಗೆ ಕೂದಲೆಳೆಯಂಥ ತಾಮ್ರದ ಎಳೆಗಳು, ಒಂದು ಅಂಚಿನ ಉದ್ದಕ್ಕೂ ತೆಳ್ಳಗಿನ ಕೆಂಪು ಗೆರೆ; ಇಷ್ಟು ಬಿಟ್ಟರೆ ಅದರ ಬಗ್ಗೆ ಹೇಳಲು ಏನೂ ಇಲ್ಲ. ಆಂಪ್ಲಿಫೈಯರಿನಿಂದ ಹೊರಟು ಒಂದು ಎಡಗಡೆಯ ಸ್ಪೀಕರಿಗೆ, ಇನ್ನೊಂದು ಬಲಗಡೆಯದಕ್ಕೆ ಹೋಗುತ್ತದೆ. ನಿಮ್ಮ ಫ್ರಿಜ್ಜಿನ ಹಿಂದೆ ಏನಿದೆ ಎಂದು ನೀವು ಹೇಗೆ ಯೋಚಿಸುವುದಿಲ್ಲವೋ ಹಾಗೆಯೇ ನಾನೂ ಈ ವೈರಿನ ಬಗ್ಗೆ ಯೋಚಿಸಿದವಳಲ್ಲ. ಆದರೆ ಈ ವರ್ಷ ಜೂನ್ ತಿಂಗಳಿಡೀ ನಾನು ಬೇರೆ ಯಾವುದನ್ನೂ ಯೋಚಿಸಲಿಲ್ಲ.

ಮನೆಯಲ್ಲಿ ನಾವಿಬ್ಬರೇ, ಅಪ್ಪ ಮತ್ತು ನಾನು. ನಾನು ಪುಣೆ ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟದ ತಪಾಸಣೆ ಮಾಡುತ್ತೇನೆ. ಅಂದರೆ ಬೇರೆಯವರು ಮಾಡಿದ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅಪ್ಪ ಧಾರವಾಡದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಹೊಡೆದು, ಸಂಜೆ ಸಂಗೀತ ಕಲಿತು, ನಿವೃತ್ತಿಯಾದ ಮೇಲೆ ತಂಬೂರಿಯೊಂದಿಗೆ ನನ್ನ ಜೊತೆ ಪುಣೆಗೆ ಬಂದವರು. ಮೊದಲು ಕಾತ್ರಜದಲ್ಲಿದ್ದೆವು. ಕಂಪನಿ ಬಸ್ಸಿಗೆ ಹತ್ತಿರವಾಗಲೆಂದು ಕಳೆದ ದೀಪಾವಳಿಗೆ ಮುಂಚೆ ವಿಮಾನ ನಗರಕ್ಕೆ ಮನೆ ಬದಲಾಯಿಸಿದೆವು. ಸಾಮಾನು ಇಳಿಸಿದ ದಿನ ಒಲೆ ಹಚ್ಚುವ ಮುಂಚೆ ನಾನು ಸ್ಪೀಕರುಗಳನ್ನು ಜೋಡಿಸಿದೆ. ಅಪ್ಪನಿಗೆ ಬೆಳಗಿನ ಚಹಾ ತಪ್ಪಿದರೂ ನಡೆಯುತ್ತದೆ, ಚಹಾದ ಜೊತೆಗಿನ ಒಂದು ತಾಸಿನ ಗಾಯನ ತಪ್ಪಿದರೆ ಇಡೀ ದಿನ ಮನೆಯಲ್ಲಿ ಯಾರದೋ ಸೂತಕ ಇದ್ದಂತೆ ಇರುತ್ತದೆ.

ಹೊಸ ಮನೆಗೆ ಬಂದ ಕೆಲವು ವಾರಕ್ಕೆ ಅಪ್ಪ ಒಂದು ಬೆಳಿಗ್ಗೆ ಚಹಾದ ಕಪ್ಪು ಕೆಳಗಿಟ್ಟು, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ, "ಸುಧಾ, ನನ್ನ ಕಿವಿ ಹೋದ್ವು ನೋಡು" ಎಂದರು.

"ನಾ ಹೇಳಿದ್ದು ಕೇಳಸಲಿಕ್ಕತ್ತದಲ್ಲ?"

"ನಿಂದು ಕೇಳಸ್ತದ. ನಿಂದು ಕೇಳಸಲಾರದ್ದು ಯಾವಾಗ? ಈ ಹಾಡೋರದು ಕೇಳಸವಲ್ದು. ಮದ್ಲ ಎದುರಿಗೆ ಕೂತು ಹಾಡಿದಂಗ ಇರ್ತಿತ್ತು. ಈಗ ಎಲ್ಲಿಂದ ಹಾಡಲಿಕ್ಕತ್ತಾರ ಅಂತನ ತಿಳೀವಲ್ದು. ತಂಬೂರಿ ಖರ್ಜ ಹೋತು. ಡಗ್ಗಾದಾಗ ದಮ್ಮಿಲ್ಲ."

ಖರ್ಜವೆಂದರೆ ತಂಬೂರಿಯ ನಾಲ್ಕನೆಯ ತಂತಿ, ಎಲ್ಲಕ್ಕಿಂತ ಕೆಳಗಿನ ಷಡ್ಜ. ಡಗ್ಗಾ ಎಂದರೆ ತಬಲಾ ಜೋಡಿಯಲ್ಲಿ ಎಡಗೈ ನುಡಿಸುವ ದಪ್ಪ ದನಿಯ ವಾದ್ಯ. ಎರಡೂ ಸಂಗೀತದ ನೆಲ. ಅವು ಹೋದರೆ ಹಾಡುವವರು ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ. ನಾನು ಕಿವಿಯ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಅವರು ಅಪ್ಪನನ್ನು ಒಂದು ಗಾಜಿನ ಕೋಣೆಯಲ್ಲಿ ಕೂಡಿಸಿ, ಕುಂಯ್ ಕುಂಯ್ ಶಬ್ದ ಕೇಳಿಸಿ, ಒಂದು ಹಾಳೆಯ ಮೇಲೆ ಗೆರೆ ಎಳೆದು, ಕೊನೆಗೆ "ವಯಸ್ಸಿಗೆ ತಕ್ಕ ಹಾಗಿವೆ" ಎಂದು ಬರೆದುಕೊಟ್ಟರು. ನನಗೆ ಸಮಾಧಾನವಾಯಿತು. ಅಪ್ಪನಿಗೂ ಸಮಾಧಾನವಾಯಿತು, ಆದರೆ ಬೇರೆ ಕಾರಣಕ್ಕೆ: ಇನ್ನು ಯಾವ ಆಸೆಯನ್ನೂ ಇಟ್ಟುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಅವರ ಕೈಯಲ್ಲೀಗ ಸಹಿ ಮಾಡಿದ ಕಾಗದವಿತ್ತು.

ಅಪ್ಪನಿಗೆ ಇದ್ದದ್ದು ಒಬ್ಬರೇ ಶಿಷ್ಯೆ. ಸರೋಜಾಬಾಯಿ, ಬೆಳಗಾವಿಯ ಕಡೆಯವರು, ಮದುವೆಯಾಗಿ ಪುಣೆಗೆ ಬಂದು ಇಲ್ಲಿಯೇ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಪ್ರತಿ ಗುರುವಾರ ಬಂದು ಚಾಪೆಯ ಮೇಲೆ ಕೂತು ಯಮನ್ ರಾಗ ಹಾಡುತ್ತಾರೆ. ಕಾತ್ರಜದಲ್ಲಿದ್ದಾಗ ಅಪ್ಪ ಅವರನ್ನು ಒಂದು ಸಾಲು ಪೂರ್ತಿ ಹಾಡಲು ಬಿಟ್ಟದ್ದನ್ನು ನಾನು ನೋಡಿಲ್ಲ. ತಡೆದು, ತಿದ್ದಿ, ಮತ್ತೆ ತಡೆದು, ಹೈರಾಣ ಮಾಡಿಬಿಡುತ್ತಿದ್ದರು. ಹೊಸ ಮನೆಗೆ ಬಂದ ಮೇಲೆ ಅವರು ತಡೆಯುವುದನ್ನು ನಿಲ್ಲಿಸಿದರು. ಸರೋಜಾಬಾಯಿ ಒಂದು ತಾಸು ನಿರಾತಂಕವಾಗಿ ಹಾಡುವರು, ಅಪ್ಪ ಕಣ್ಣು ಮುಚ್ಚಿ ಕೇಳುವರು, ಕೊನೆಗೆ "ಛಲೋ ಆತ್ರಿ" ಎನ್ನುವರು. ಜೂನ್ ತಿಂಗಳ ಮೊದಲ ಗುರುವಾರ ಅವರು ಹೋದ ಮೇಲೆ ಅಪ್ಪ ನನಗೆ ತಮ್ಮ ನಿರ್ಧಾರವನ್ನು ತಿಳಿಸಿದರು. ಗುರುಪೂರ್ಣಿಮೆಯ ದಿನ ತಂಬೂರಿಯನ್ನು ಸರೋಜಾಬಾಯಿಗೆ ಕೊಟ್ಟು, ಬೇರೆ ಗುರುಗಳನ್ನು ನೋಡಿಕೊಳ್ಳಿ ಎಂದು ಕಳಿಸಿಬಿಡುವುದು. "ಅಕಿಗೆ ಹೇಳೇಬಿಟ್ಟೀನಿ, ಕಾರಣ ಹೇಳಿಲ್ಲ. ಕಿವಿ ಇಲ್ಲದವಂದು ಎಂಥಾ ಕಲಸೂದು" ಎಂದರು. ಆ ತಂಬೂರಿ ನನಗಿಂತ ಹಿರಿಯದು. ನಾನು ಅಡುಗೆಮನೆಗೆ ಹೋಗಿ ಮಧ್ಯಾಹ್ನವೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದೆ.

ಅಪ್ಪನ ಕಿವಿ ಹೋಗಿದೆ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಒಪ್ಪಿಕೊಳ್ಳಲು ಮನಸ್ಸಿಲ್ಲದಾಗ ಮನುಷ್ಯರು ದೇವರಿಗೆ ಹರಕೆ ಹೊರುತ್ತಾರೆ, ಇಲ್ಲವೇ ಏನಾದರೂ ಕೊಂಡು ತರುತ್ತಾರೆ. ನಾನು ಎರಡನೆಯ ಜಾತಿಯವಳು. ದನಿ ತೆಳುವಾಗಿದ್ದರೆ ಅದಕ್ಕೆ ಅಗ್ಗದ ವೈರು ಕಾರಣವಿರಬಹುದು ಎಂದು ಅಂತರ್ಜಾಲದಲ್ಲಿ ಯಾರೋ ಬರೆದಿದ್ದರು. ಅಷ್ಟು ಸಾಕಾಯಿತು. ಅಲ್ಲಿ ಸ್ಪೀಕರ್ ವೈರನ್ನು ಚರ್ಚಿಸುವ ಗಂಡಸರ ಒಂದು ಲೋಕವೇ ಇದೆ. ಗಂಡಸರು ಎಂದು ಏಕೆ ಹೇಳುತ್ತೇನೆಂದರೆ, ಮೂರು ವಾರ ಓದಿದರೂ ಅಲ್ಲಿ ನನಗೆ ಒಬ್ಬ ಹೆಂಗಸೂ ಕಾಣಲಿಲ್ಲ. ಇದ್ದಿದ್ದರೆ ವೈರಿನ ಮೇಲೆ ಕೂರುವ ಧೂಳಿನ ಬಗ್ಗೆ ಒಂದು ಮಾತಾದರೂ ಬರುತ್ತಿತ್ತು. ತಾಮ್ರದ ದನಿ ಬೆಚ್ಚಗಿರುತ್ತದಂತೆ, ಬೆಳ್ಳಿಯ ಲೇಪವಿದ್ದರೆ ತಣ್ಣಗಂತೆ. ವೈರು ನೆಲಕ್ಕೆ ತಾಗಬಾರದಂತೆ, ಅದಕ್ಕೆ ಪಿಂಗಾಣಿಯ ಪುಟ್ಟ ಪೀಠಗಳಿವೆಯಂತೆ. ಹೊಸ ವೈರನ್ನು ತಂದೊಡನೆ ಕೇಳಬಾರದಂತೆ, ಕೆಲವು ದಿನ ಸುಮ್ಮನೆ ಹಾಡಿಸಿ ಪಳಗಿಸಬೇಕಂತೆ. ಎರಡೂ ಬದಿಯ ವೈರಿನ ಉದ್ದ ಸಮನಾಗಿರಬೇಕು ಎಂಬುದೊಂದೇ ನನಗೆ ಸುಲಭವಾಗಿ ಅರ್ಥವಾದ ಮಾತು. ಪಂಕ್ತಿಯಲ್ಲಿ ಕೂತ ಇಬ್ಬರಿಗೆ ಒಂದೇ ಅಳತೆಯಲ್ಲಿ ಬಡಿಸುವ ಹಾಗೆ. ಇದನ್ನೆಲ್ಲ ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಕಂಪನಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವ ಸಹೋದ್ಯೋಗಿ ನಾನು ಯಾವುದೋ ಪರೀಕ್ಷೆಗೆ ಕಟ್ಟಿದ್ದೇನೆಂದು ತಿಳಿದು ಶುಭ ಕೋರಿದಳು.

ಒಂದು ಶನಿವಾರ ದೊಡ್ಡ ಶೋರೂಮಿಗೆ ಹೋದೆ. ಅಲ್ಲಿ ವೈರನ್ನು ರೇಷ್ಮೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ. ಬಂಗಾರದ ಅಂಗಡಿಯಲ್ಲೂ ನನಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ನಾಗರಹಾವಿನಷ್ಟು ದಪ್ಪದ ಆ ವೈರಿನ ಮೈಮೇಲೆ ಬಾಣದ ಗುರುತಿತ್ತು. ಸಂಗೀತ ಈ ದಿಕ್ಕಿನಲ್ಲಿಯೇ ಹರಿಯಬೇಕು ಎಂದು ಅಲ್ಲಿಯ ತರುಣ ಇಂಗ್ಲಿಷಿನಲ್ಲಿ ವಿವರಿಸಿದ. ವಿದ್ಯುತ್ತು ವೈರಿನಲ್ಲಿ ಕ್ಷಣಕ್ಕೆ ನೂರಾರು ಸಲ ಹೋಗಿ ಬಂದು ಮಾಡುತ್ತದಲ್ಲ, ವಾಪಸು ಬರುವಾಗ ಬಾಣ ನೋಡಿ ಅದಕ್ಕೆ ಮುಜುಗರವಾಗುವುದಿಲ್ಲವೇ ಎಂದು ಕೇಳಿದೆ. ಆತ ನನಗೆ ಇನ್ನೊಂದು ಕಾಫಿ ತರಿಸಿದ. ಬೆಲೆಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಅಪ್ಪ ಇದನ್ನು ಓದುವ ಸಂಭವವಿದೆ. ಕೊಳ್ಳುವುದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಹೊರಬಂದೆ. ಆದರೆ ಪುಣೆಯಲ್ಲಿ ಇಷ್ಟು ವರ್ಷ ಇದ್ದ ಮೇಲೆ ಇನ್ನೊಂದು ಕಡೆ ವಿಚಾರಿಸದೆ ಯಾವುದನ್ನೂ ಕೊಳ್ಳಲು ಕೈ ಬರುವುದಿಲ್ಲ. ಹಾಗಾಗಿ ಮರುದಿನ ತಪಕೀರ ಗಲ್ಲಿಗೆ ಹೋದೆ.

ಆ ಗಲ್ಲಿಯಲ್ಲಿ ವಿದ್ಯುತ್ತಿನಿಂದ ನಡೆಯುವ ಎಲ್ಲವೂ ಸಿಗುತ್ತದೆ. ಒಂದು ಅಂಗಡಿಯೊಳಗೆ ಬಿಚ್ಚಿದ ಆಂಪ್ಲಿಫೈಯರಿನ ಮೇಲೆ ಬಾಗಿದ್ದ ನಡುವಯಸ್ಸಿನ ಮನುಷ್ಯ ಫೋನಿನಲ್ಲಿ ಕಲಬುರಗಿಯ ಕನ್ನಡದಲ್ಲಿ ಯಾರಿಗೋ ಬೈಯುತ್ತಿದ್ದುದರಿಂದ ಅದೇ ಅಂಗಡಿ ಹೊಕ್ಕೆ. ಹೆಸರು ಮಹಾಂತೇಶ. ತಂದೆ ಕಟ್ಟಡದ ಕೆಲಸಕ್ಕೆ ಬಂದಿದ್ದರು, ತಾನು ರಿಪೇರಿ ಕಲಿತೆ ಎಂದರು. ನಾನು ನೋಟುಬುಕ್ಕು ತೆಗೆದು ತಾಮ್ರ, ಬೆಳ್ಳಿ, ದಪ್ಪ, ಉದ್ದ ಎಲ್ಲ ಓದಿದೆ. ಅವರು ಕೈಯಲ್ಲಿದ್ದ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟರು.

"ಅದು ಇರ್ಲಿ ಅಕ್ಕೋರೆ. ತ್ರಾಸ ಏನದ, ಅದು ಹೇಳ್ರಿ."

ಅಪ್ಪನ ಕಿವಿಯ ಕಥೆ ಹೇಳಿದೆ. ಖರ್ಜ ಹೋಯಿತು, ಡಗ್ಗಾ ಹೋಯಿತು, ಹಾಡುವವರು ಎಲ್ಲಿದ್ದಾರೆಂದು ತಿಳಿಯುವುದಿಲ್ಲ.

"ವಯಸ್ಸಾದ್ರ ಕಿವಿ ಮ್ಯಾಲಿಂದ ಹೋಗ್ತಾವ್ರಿ, ಕೆಳಗಿಂದ ಹೋಗಂಗಿಲ್ಲ" ಎಂದರು ಮಹಾಂತೇಶ. "ಮದ್ಲ ಗೆಜ್ಜಿ ಸಪ್ಪಳ ಹೋಗ್ತದ. ನಗಾರಿ ಸಪ್ಪಳ ಕಡೀಕ. ನಿಮ್ಮಪ್ಪಾರಿಗೆ ನಗಾರಿನೇ ಮದ್ಲ ಹೋಗ್ಯಾದ ಅಂದ್ರ ಅದು ಕಿವಿ ಅಲ್ಲ. ವೈರ್ ಯಾರು ಜೋಡಿಸ್ಯಾರ?"

"ನಾನೇ."

ಅವರು ನನ್ನ ಮುಖ ನೋಡಿದರು. ಮೇಜಿನ ಡ್ರಾವರಿನಿಂದ ಒಂದು ಪೆನ್ಸಿಲ್ ಸೆಲ್ ತೆಗೆದು ನನ್ನ ಕೈಯಲ್ಲಿಟ್ಟರು. "ಆಂಪ್ಲಿಫೈಯರಿನಿಂದ ವೈರ್ ಬಿಚ್ಚಿ, ಕೆಂಪು ಗೆರಿ ಇದ್ದ ಎಳಿ ಸೆಲ್ಲಿನ ತೆಲಿಗಿ, ಇನ್ನೊಂದು ಬುಡಕ್ಕ ಮುಟ್ಟಸ್ರಿ. ಸ್ಪೀಕರಿನ ದುಂಡನ ಪಡದಾ ಹೊರಗ ಬರಬೇಕು. ಎರಡೂ ಹೊರಗ ಬಂದ್ರ ಬರೋಬ್ಬರಿ. ಒಂದು ಹೊರಗ, ಒಂದು ಒಳಗ ಹೋದ್ರ ಉಲ್ಟಾ. ವೈರ್ ಆಮ್ಯಾಲ ತಗೋರಿ."

ಮನೆಗೆ ಬಂದಾಗ ಅಪ್ಪ ಸಂಜೆಯ ವಾಕಿಂಗಿಗೆ ಹೋಗಿದ್ದರು. ನಾನು ಮೊದಲು ಕಪಾಟಿನಲ್ಲಿದ್ದ ಡಾಕ್ಟರರ ಹಾಳೆಯನ್ನು ತೆಗೆದು ನೋಡಿದೆ. ಎತ್ತರದ ಸ್ವರಗಳ ಕಡೆ ಗೆರೆ ಇಳಿದಿತ್ತು. ಕೆಳಗಿನ ಸ್ವರಗಳ ಕಡೆ ಪಟ್ಟಿ ಹಿಡಿದು ಎಳೆದಂತೆ ನೇರವಾಗಿತ್ತು. ತಪ್ಪು ಹುಡುಕುವ ಕೆಲಸದ ನಾನು ಕೊನೆಯ ಸಾಲನ್ನಷ್ಟೇ ಓದಿದ್ದೆ. ಆಮೇಲೆ ಸೆಲ್ ಮುಟ್ಟಿಸಿದೆ. ಎಡಗಡೆಯ ಪಡದಾ ಉಸಿರೆಳೆದ ಎದೆಯಂತೆ ಮುಂದೆ ಬಂತು. ಬಲಗಡೆಯದು ಒಳಗೆ ಹೋಯಿತು. ಬಲಗಡೆಯ ಸ್ಪೀಕರನ್ನು ತಿರುಗಿಸಿ ನೋಡಿದರೆ, ಕೆಂಪು ಗೆರೆಯ ಎಳೆ ಕೆಂಪು ತಿರುಪಿನ ಬದಲು ಕಪ್ಪು ತಿರುಪಿಗೆ ಹೋಗಿ ಕೂತಿದೆ. ಅದೂ ನನಗೆ ಕಂಡದ್ದು ಫೋನಿನ ಬೆಳಕು ಬಿಟ್ಟು, ಸ್ಪೀಕರನ್ನು ತೋಳು ಚಾಚಿದಷ್ಟು ದೂರ ಹಿಡಿದಾಗ. ನನಗೆ ಹತ್ತಿರದ್ದು ಮಸುಕಾಗುವ ಚಾಳೀಸು ಬಂದು ನಾಲ್ಕು ವರ್ಷವಾಗಿದೆ. ಕನ್ನಡಕ ಹಾಕಿಕೊಂಡರೆ ವಯಸ್ಸಾದವಳಂತೆ ಕಾಣುತ್ತೇನೆಂದು ಅದನ್ನು ಕಾರ್ಖಾನೆಯ ಡ್ರಾವರಿನಲ್ಲಿಟ್ಟು ಬರುತ್ತೇನೆ. ನನ್ನ ಕಣ್ಣಿನ ವಯಸ್ಸನ್ನು ಎಂಟು ತಿಂಗಳು ಅಪ್ಪ ತಮ್ಮ ಕಿವಿಯ ಮೇಲೆ ಹೊತ್ತುಕೊಂಡಿದ್ದರು. ನನಗೆ ಬಹಳ ನಾಚಿಕೆಯಾಯಿತು. ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ ಕೂಡ.

ಒಂದು ಮಾತು ನಿಮಗೆ ಹೇಳಬೇಕು. ಆ ಎಂಟು ತಿಂಗಳೂ ಎರಡು ಸ್ಪೀಕರುಗಳು ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿವೆ. ಒಂದು ಗಾಳಿಯನ್ನು ಮುಂದಕ್ಕೆ ದೂಡುವಾಗ ಇನ್ನೊಂದು ಅಷ್ಟೇ ನಿಷ್ಠೆಯಿಂದ ಹಿಂದಕ್ಕೆ ಎಳೆದಿದೆ. ಎರಡರ ನಡುವೆ ಖರ್ಜ ಸತ್ತುಹೋಗಿದೆ. ಯಾವುದನ್ನು ಬೇರೆಯಾಗಿ ಪರೀಕ್ಷಿಸಿದರೂ ದೋಷ ಸಿಗುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ ನಡೆದಿತ್ತು. ಅಪ್ಪ ನನಗೆ ತೊಂದರೆಯಾಗಬಾರದೆಂದು ಶಾಂತವಾಗಿ ಮುದುಕರಾದರು, ಅವರಿಗೆ ನೋವಾಗಬಾರದೆಂದು ನಾನು ಶಾಂತವಾಗಿ ವೈರು ಹುಡುಕಿದೆ. ವಯಸ್ಸಾಯಿತು ಎಂಬ ಉತ್ತರ ಎಷ್ಟು ಸಲೀಸಾಗಿ ಹೊಂದುತ್ತದೆಂದರೆ, ಅದನ್ನು ಕೊಟ್ಟ ಮೇಲೆ ಯಾರೂ ಸ್ಪೀಕರಿನ ಹಿಂದೆ ಬಗ್ಗಿ ನೋಡುವುದಿಲ್ಲ.

ಹೊಸ ವೈರು ತಂದೆ, ಅದರಿಂದ ಸರಿಹೋಯಿತು ಎಂದು ಅಪ್ಪನಿಗೆ ಹೇಳಬಹುದಿತ್ತು. ಅದರ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಮರುದಿನ ಬೆಳಿಗ್ಗೆ ಏನೂ ಹೇಳದೆ ಚಹಾ ಕೊಟ್ಟು ಗಾಯನ ಹಚ್ಚಿದೆ. ತಂಬೂರಿ ನಾಲ್ಕನೆಯ ತಂತಿಗೆ ಬಂದಿತು. ಅಪ್ಪ ತುಟಿಯ ಹತ್ತಿರ ಒಯ್ದ ಕಪ್ಪನ್ನು ಅಲ್ಲಿಯೇ ಹಿಡಿದರು. ನಿಧಾನಗತಿಯ ವಿಲಂಬಿತ ಮುಗಿಯುವವರೆಗೂ ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ.

"ಏನ್ ಮಾಡಿದಿ?" ಎಂದು ಕೇಳಿದರು.

ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಕಪ್ಪು ಕೆಳಗಿಟ್ಟರು. "ಎಂಟು ತಿಂಗಳು ನನ್ನ ಸುಮ್ ಸುಮ್ನ ಮುದುಕನ್ನ ಮಾಡಿ ಇಟ್ಟಿದ್ದಿಯಲ್ಲಾ" ಎಂದರು. ನಾನು ತಪ್ಪಾಯಿತು ಎಂದೆ. ಅದನ್ನು ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರ ಮುಖ ಮೆಲ್ಲಗೆ ಬಿಗಿಯತೊಡಗಿತ್ತು. "ಅಂದ್ರ..." ಎಂದರು, "ಅಂದ್ರ ಆ ಸರೋಜಾಬಾಯಿ ಗಂಧಾರ..." ಎದ್ದು ಹೋಗಿ ತಂಬೂರಿಯ ಗವಸು ಬಿಚ್ಚಿದರು.

ಆ ಗುರುವಾರ ನಾನು ರಜೆ ಹಾಕಿದ್ದೆ. ಸರೋಜಾಬಾಯಿ ಬಂದು ಎಂದಿನಂತೆ ಕೂತು ಯಮನ್ ಶುರು ಮಾಡಿದರು. ಮೂರನೆಯ ಸ್ವರವಾದ ಗಂಧಾರಕ್ಕೆ ಬಂದಾಗ ಅಪ್ಪ ಕೈ ಎತ್ತಿದರು.

"ನಿಲ್ಲಸ್ರಿ. ಗಂಧಾರ ಇಳದದ."

ಸರೋಜಾಬಾಯಿಗೆ ಗಾಬರಿಯಾಯಿತು. "ಆಠ ಮಹಿನೆ ಛಲೋ ಅದ ಅಂದ್ರಲ್ಲ ಗುರುಜಿ?"

"ಎಂಟೂ ತಿಂಗಳು ಇಳದಿತ್ರಿ. ನಾ ನನ್ನ ಕಿವೀನ ಇಳದಾವ ಅಂತ ತಿಳಕೊಂಡು ಸುಮ್ಮನಿದ್ದೆ. ಹಾಡ್ರಿ. ಗ."

ಅವರು ಹಾಡಿದರು. ಅಪ್ಪ ತಡೆದರು. ಒಂದೂಕಾಲು ತಾಸು ನಮ್ಮ ಹಾಲಿನಲ್ಲಿ ಗಂಧಾರದ ಹೊರತು ಇನ್ನೊಂದು ಸ್ವರ ಹುಟ್ಟಲಿಲ್ಲ. ನಡುವೆ ಅಪ್ಪ ಎರಡು ಸಲ ತೊಡೆ ತಟ್ಟಿಕೊಂಡರು, ಒಂದು ಸಲ ನಿಮಗೆ ಇಷ್ಟು ವರ್ಷ ಇಂಜೆಕ್ಷನ್ ಕೊಡಲು ಹೇಗೆ ಬಿಟ್ಟರು ಎಂದು ಕೇಳಿದರು. ಒಳಗೆ ಭಾಜಿ ಹೆಚ್ಚುತ್ತಿದ್ದ ನನಗೆ ಹೆದರಿಕೆಯಾಯಿತು. ಅರವತ್ತು ದಾಟಿದ ಹೆಂಗಸು, ತಂಬೂರಿ ಸಿಗುತ್ತದೆಂದು ಕಾದಿದ್ದವರು. ಇನ್ನು ಈ ಮನೆಯ ಮೆಟ್ಟಿಲು ಹತ್ತಲಾರರು ಎಂದುಕೊಂಡೆ. ಪಾಠ ಮುಗಿದ ಮೇಲೆ ಅವರನ್ನು ಲಿಫ್ಟಿನವರೆಗೆ ಕಳಿಸಲು ಹೋದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಪ್ಪನ ಪರವಾಗಿ ಏನು ಹೇಳಲಿ ಎಂದು ನಾನು ಮಾತು ಹುಡುಕುವಷ್ಟರಲ್ಲಿ ಅವರೇ ಮಾತಾಡಿದರು.

"ಗಂಧಾರ ಇಳೀತದ ಅಂತ ನನಗ ಗೊತ್ತಿತ್ತು ಸುಧಾ. ಆದ್ರ ಗುರುಜಿ ಒಂದು ಮಾತೂ ಅನವಲ್ರು. ಮ್ಯಾಲ ತಂಬೂರಿನೂ ತಗೊಂಡು ಹೋಗ್ರಿ ಅಂದ್ರು. ಇಕಿಗೆ ಹೇಳಿ ಉಪಯೋಗಿಲ್ಲ ಅಂತ ನನ್ನ ಕೈಬಿಟ್ಟಾರ ಅಂತ ಮಾಡಿದ್ದೆ."

ಲಿಫ್ಟು ಬಂದು ಬಾಗಿಲು ತೆರೆಯಿತು. ಅವರು ಒಳಗೆ ಹೋಗಿ, ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದರು.

"ಬರೂ ಗುರುವಾರ ಅರ್ಧಾ ತಾಸು ಲಗೂನ ಬರ್ತೀನಿ ಅಂತ ಗುರುಜಿಗೆ ಹೇಳು. ಬೈಸಿಕೊಳ್ಳೂದು ಭಾಳ ಉಳದದ."