ಕಾರಣ ಬೇಡದ ನಗು

ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ಪಂಚಾಕ್ಷರಪ್ಪನವರು ನಗುವುದನ್ನು ಕಲಿತದ್ದು ಮಿಲ್ಲಿನಿಂದ ರಿಟೈರ್ ಆದ ಮೇಲೆ. ಅದಕ್ಕೂ ಮುಂಚೆ ನಗುತ್ತಿರಲಿಲ್ಲ ಅಂತಲ್ಲ. ಕಲಿಯದೇ ನಗುತ್ತಿದ್ದರು, ಪಾಪ.

ಆಗೆಲ್ಲ ಭಾನುವಾರ ಸಂಜೆ ಬಸ್ಸು ಹತ್ತಿ ಹರಿಹರಕ್ಕೆ ಹೋಗೋರು. ಮಿಲ್ಲಿನಲ್ಲಿ ಪಕ್ಕದ ಮಗ್ಗದವರಾಗಿದ್ದ ಬುಡನ್ ಸಾಬರ ಜೊತೆ ಹೊಳೆಯ ಮೆಟ್ಟಿಲ ಮೇಲೆ ಮಂಡಕ್ಕಿ, ಮಿರ್ಚಿ. ಸಾಬರ ಕಥೆಗಳೆಲ್ಲ ಹೆಂಡತಿ ಮೇಲೇ, ಶುರುವೂ ಒಂದೇ ಥರ: "ನಮ್ ಹಜೀರಾ ಏನ್ ಮಾಡಿದ್ಲು ಗೊತ್ತೇನ್ರಿ ಅಪ್ಪಾರೆ?" ಹಜೀರಾಬೀ ಪಕ್ಕದ ಮನೆಯ ಕೋಳಿಯನ್ನ ತಮ್ಮದೇ ಅಂತ ಹಿಡಿದು ತಂದು, ಮನೆ ಬಿಟ್ಟು ತಿರುಗ್ತೀಯಾ ಅಂತ ಅದಕ್ಕೇ ಬೈದದ್ದು, ಇಂಥವು. ಪಂಚಾಕ್ಷರಪ್ಪ ಕಥೆ ಮುಗಿಯುವವರೆಗೂ ನ್ಯಾಯಾಧೀಶರ ಮುಖ ಮಾಡಿಕೊಂಡು ಕೇಳಿ, ಮಾತು ಅಕ್ಕಿ ರೇಟಿಗೆ ಹೊರಳಿದ ಮೇಲೆ ಇದ್ದಕ್ಕಿದ್ದಂತೆ ನಗುತ್ತಿದ್ದರು. ಮಂಡಕ್ಕಿ ನೆತ್ತಿಗೆ ಹತ್ತುತ್ತಿತ್ತು. ಸಾಬರು ಬೆನ್ನು ತಟ್ಟುತ್ತ, "ನಿಮ್ ನಗು ಪ್ಯಾಸೆಂಜರ್ ಗಾಡಿ ಇದ್ದಂಗೆ ಕಣ್ರಿ. ಲೇಟಾದ್ರೂ ಬರ್ತೈತೆ" ಅನ್ನೋರು.

ಆಮೇಲೆ ಬಿ.ಪಿ. ಬಂತು. ಡಾಕ್ಟರು ಮಾತ್ರೆ ಬರೆದು, ಸಂತೋಷವಾಗಿರಿ ಅಂದರು. ಪಂಚಾಕ್ಷರಪ್ಪ ಎರಡನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳತೊಡಗಿದರು. ಆಗಷ್ಟೇ ಪಾರ್ಕಿನಲ್ಲಿ ನಗೆಕೂಟ ಶುರುವಾಗಿತ್ತು. ದಿನಾ ಬೆಳಿಗ್ಗೆ ಎರಡೂ ಕೈ ಮೇಲೆತ್ತಿ, "ಹೋ ಹೋ, ಹಾ ಹಾ". ನಗಲು ಕಾರಣ ಬೇಡ ಅನ್ನುವುದು ಅಲ್ಲಿನ ಗುರುಗಳ ಸಿದ್ಧಾಂತ. ಭಾನುವಾರ ಸಂಜೆ ಅರ್ಥಪೂರ್ಣ ಬದುಕಿನ ಬಗ್ಗೆ ಉಪನ್ಯಾಸ ಬೇರೆ. ಕರಿದದ್ದು ವರ್ಜ್ಯ. ಹರಿಹರ ತಾನಾಗಿಯೇ ತಪ್ಪಿತು.

"ಸಾಬರನ್ನ ಒಂದ್ಸಲ ನೋಡ್ಕೊಂಡು ಬರ್ರಿ" ಅಂತ ಹೆಂಡತಿ ನಿರ್ಮಲಮ್ಮ ಹೇಳಿದಾಗೆಲ್ಲ, "ಈ ಕೋರ್ಸೊಂದು ಮುಗೀಲಿ ತಡಿಯೇ" ಅನ್ನೋರು. ಮಳೆಗಾಲ ಹೋಗಿ ಬೇಸಿಗೆ ಬಂದರೂ ಸಂತೋಷದ ಕೋರ್ಸು ಮುಗಿಯಲಿಲ್ಲ.

ಕೊನೆಗೊಂದು ಭಾನುವಾರ ಗುರುಗಳಿಗೇ ಜ್ವರ ಬಂದು ಉಪನ್ಯಾಸ ರದ್ದಾಯಿತು. ಪಂಚಾಕ್ಷರಪ್ಪ ಹರಿಹರದ ಬಸ್ಸು ಹತ್ತಿದರು.

ಸಾಬರು ಅದೇ ಮೆಟ್ಟಿಲ ಮೇಲಿದ್ದರು. "ಬರ್ರಿ, ಕೂಡ್ರಿ" ಅಂತ ಸರಿದು ಜಾಗ ಕೊಟ್ಟರು. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಹೊಳೆ ಕಡೆ ತಿರುಗಿ, "ನಮ್ ಹಜೀರಾ ಏನ್ ಮಾಡಿದ್ಲು ಗೊತ್ತೇನ್ರಿ ಅಪ್ಪಾರೆ" ಅಂದರು.

ಕಲಿತ ವಿದ್ಯೆ ಕಥೆಗಾಗಿ ಕಾಯಲಿಲ್ಲ. ಪಂಚಾಕ್ಷರಪ್ಪನವರ ಕೈಗಳು ತಾವಾಗಿಯೇ ಮೇಲೆದ್ದವು. "ಹೋ ಹೋ, ಹಾ ಹಾ." ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ಎದ್ದು ಆಚೆ ಹೋಯಿತು.

ಸಾಬರು ಅದು ಮುಗಿಯುವವರೆಗೂ ಕಾದರು.

"ರಂಜಾನಿಗೆ ಮುಂಚೆ ಹೋಗ್ಬಿಟ್ಲು" ಅಂದರು.

ಎತ್ತಿದ ಕೈಗಳನ್ನು ಎಲ್ಲಿ ಇಳಿಸುವುದೆಂದು ಯಾವ ಉಪನ್ಯಾಸದಲ್ಲೂ ಹೇಳಿರಲಿಲ್ಲ. "ಒಂದ್ ಮಾತು ಹೇಳಿ ಕಳಿಸಬಾರದಿತ್ತಾ ಸಾಬ್ರೆ?"

"ಭಾನುವಾರ ಹೆಂಗೂ ಬರ್ತೀರಲ್ಲ, ಆಗ ಹೇಳಾನ ಅನ್ಕಂಡಿದ್ದೆ."

ಪಂಚಾಕ್ಷರಪ್ಪ ಈಗ ಪಾರ್ಕಿಗೆ ಹೋಗುವುದಿಲ್ಲ. ಭಾನುವಾರ ತಪ್ಪದೆ ಹರಿಹರಕ್ಕೆ ಹೋಗುತ್ತಾರೆ, ಡಾಕ್ಟರಿಗೆ ಹೇಳದೆ ಮಿರ್ಚಿಯನ್ನೂ ತಿನ್ನುತ್ತಾರೆ. ಸಾಬರು ಹೊಳೆಯಲ್ಲಿ ನೀರು ಎಷ್ಟಿದೆ ಅಂತ ಹೇಳುತ್ತಾರೆ, ಅಕ್ಕಿ ರೇಟು ಹೇಳುತ್ತಾರೆ. ಕಥೆ ಇಲ್ಲ.

ಮೊನ್ನೆ ಪಂಚಾಕ್ಷರಪ್ಪನವರೇ ಧೈರ್ಯ ಮಾಡಿ, "ಆ ಕೋಳಿದು ಇನ್ನೊಂದ್ಸಲ ಹೇಳ್ರಿ" ಅಂದರು.

ಸಾಬರು ಮಂಡಕ್ಕಿ ಪೊಟ್ಟಣವನ್ನು ಅವರ ಕಡೆ ಸರಿಸಿದರು.

"ಬ್ಯಾಡ ಬಿಡ್ರಿ ಅಪ್ಪಾರೆ. ನೀವು ನಕ್ಕುಬಿಡ್ತೀರಿ."