ಸಂದರ್ಶನಕ್ಕೆ ಬರದವಳು

ಪ್ರಾಧ್ಯಾಪಕರನ್ನು ಆರಿಸುವ ಸಮಿತಿಯಲ್ಲಿ ಕೂತವರ ಕೈಗೆ ಪೆನ್ಸಿಲ್ ಯಾಕೆ ಕೊಡುತ್ತಾರೆ ಗೊತ್ತೇ? ಅಂಕ ಹಾಕುವುದಕ್ಕೆ. ಅಂಕ ಪೆನ್ಸಿಲ್ಲಿನಲ್ಲಿ, ಸಹಿ ಮಾತ್ರ ಪೆನ್ನಿನಲ್ಲಿ. ಆಮೇಲೆ ಆ ಅಂಕಗಳು ಏನಾಗುತ್ತವೆ ಎಂದು ಕೇಳಬಾರದು, ಕಾಫಿ ಕುಡಿದು ಮನೆಗೆ ಹೋಗಬೇಕು. ನಾನು ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸಿದವಳು, ಅಂದರೆ ರೋಗಿಗಳ ಅಂಕಿಅಂಶ ನೋಡಿ ಮದ್ದು ನಿಜವಾಗಿ ಕೆಲಸ ಮಾಡಿತೇ ಎಂದು ಹೇಳುವ ವಿದ್ಯೆ. ಪ್ರಾಕ್ಟಿಕಲ್ ಪುಸ್ತಕದಲ್ಲಿ ಒಂದು ಅಂಕಿ ತಿದ್ದಿದ ಹುಡುಗರನ್ನು ಕ್ಲಾಸಿನಿಂದ ಆಚೆ ನಿಲ್ಲಿಸಿದವಳು. ಅಂಥ ನಾನೇ ಎರಡು ಸಮಿತಿಗಳಲ್ಲಿ ಮರುಮಾತಿಲ್ಲದೆ ಪೆನ್ಸಿಲ್ ಹಿಡಿದಿದ್ದೆ. ನಾಚಿಕೆಗೇಡು, ಆದರೆ ನಿಜ.

ಮೂರನೇ ಕರೆ ಬಂದದ್ದು ಕೆ.ಆರ್. ಪುರದ ಆಚೆಗಿನ ಒಂದು ವಿಶ್ವವಿದ್ಯಾಲಯದಿಂದ. ಅಷ್ಟರಲ್ಲಿ ನಾನು ನಿವೃತ್ತಳಾಗಿ ಬೆನ್ಸನ್ ಟೌನಿನ ಮನೆಯಲ್ಲಿದ್ದೆ. ನನ್ನ ವಿಷಯದಲ್ಲೇ ಇದ್ದದ್ದು ಒಂದೇ ಕಾಯಂ ಹುದ್ದೆ. ಬಂದವರಲ್ಲಿ ಒಬ್ಬಳು ಶಿವಾಜಿನಗರದ ಹೆಣ್ಣುಮಗಳು, ಅದೇ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷ ಇದ್ದವಳು ಯಾವ ಸೀಮೆ ಅತಿಥಿ ರೀ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗೆ ಪತ್ರಿಕೆಯಲ್ಲಿ ಜಾಹೀರಾತು ಬೇರೆ! ಅವಳ ವಯೋಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಇದು ತಪ್ಪಿದರೆ ಇನ್ನೊಂದು ಅರ್ಜಿ ಹಾಕುವ ಹಾಗೂ ಇರಲಿಲ್ಲ.

ಅಧ್ಯಕ್ಷರು ಅವಳ ಫೈಲು ತೆರೆಯದೆಯೇ ಕೇಳಿದರು: "ಈಗೆಲ್ಲಾ ಕಂಪ್ಯೂಟರೇ ಮಾಡುತ್ತಲ್ಲಮ್ಮಾ, ನೀವ್ಯಾಕೆ ಬೇಕು?"

"ಸರ್, ನಮ್ಮ ಏರಿಯಾ ಕ್ಲಿನಿಕ್‌ನಲ್ಲಿ ನೂರು ಜನ ಶುಗರ್ ಪೇಶೆಂಟ್ಸ್‌ಗೆ ಒಂದು ಮದ್ದು ಕೊಟ್ರು ಅಂದ್ಕೊಳ್ಳಿ. ಆರು ತಿಂಗ್ಳಾದ್ಮೇಲೆ ಅರವತ್ತೇ ಜನ ವಾಪಸ್ ಬಂದ್ರು, ಎಲ್ರಿಗೂ ಶುಗರ್ ಕಮ್ಮಿ ಆಗಿದೆ. ಕಂಪ್ಯೂಟರ್ ಮದ್ದು ಒಳ್ಳೇದು ಅನ್ನುತ್ತೆ. ಮಿಕ್ಕಿದ ನಲವತ್ತು ಜನ ಯಾಕೆ ಬರ್ಲಿಲ್ಲ ಅಂತ ನಾವು ಕೇಳ್ಬೇಕು. ಬರದೇ ಇರೋರನ್ನ ಲೆಕ್ಕದಿಂದ ಬಿಟ್ಬಿಟ್ರೆ ಯಾವ ಮದ್ದನ್ನ ಬೇಕಾದ್ರೂ ಗೆಲ್ಲಿಸ್ಬೋದು ಸರ್."

ಭೇಷ್ ಎಂದು ನಾನು ಬಾಯಿಬಿಟ್ಟೇ ಹೇಳಿದೆ. ಇಡೀ ಪಠ್ಯದ ಸಾರ ಆ ನಾಲ್ಕು ಮಾತಿನಲ್ಲಿತ್ತು.

ಅವಳ ನಂತರ ಒಬ್ಬ ಯುವಕ ಬಂದ. ಅಧ್ಯಕ್ಷರು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: "ದೊಡ್ಡಪ್ಪ ಆರಾಮಾ?" ಆರಾಮಾಗಿದ್ದರಂತೆ. ಬಯೋಸ್ಟ್ಯಾಟಿಸ್ಟಿಕ್ಸ್ ಎಂದರೇನು ಎಂದು ನಾನು ಕೇಳಿದ್ದಕ್ಕೆ, ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಎಂದ. ನನ್ನ ಪಿತ್ತ ನೆತ್ತಿಗೇರಿತು. ಬ್ಯಾಗಿನಿಂದ ಪೆನ್ನು ತೆಗೆದು ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕ, ಅವನಿಗೆ ಸೊನ್ನೆ ಬರೆದೆ.

"ಪೆನ್ಸಿಲ್ ಅಲ್ಲೇ ಇದೆಯಲ್ಲ ಮೇಡಂ," ಎಂದರು ಅಧ್ಯಕ್ಷರು.

"ಇದೆ. ನಾನು ಪೆನ್ನಲ್ಲೇ ಬರೆಯೋದು."

"ಆಮೇಲೆ ಸ್ವಲ್ಪ ಅಡ್ಜಸ್ಟ್ ಮಾಡ್ಬೇಕಾಗುತ್ತೆ. ನಿಮ್ಗೆ ಗೊತ್ತಿಲ್ದೇ ಇರೋದಾ?"

"ಗೊತ್ತಿರೋದಕ್ಕೇ ಪೆನ್ನು!"

ಹಲಸೂರು ದಾಟುವ ತನಕ ಆಟೋದವರ ಮುಂದೆ ನನ್ನ ಪ್ರತಾಪ ಕೊಚ್ಚಿಕೊಂಡೇ ಬಂದೆ. ಅವರು ಕನ್ನಡಿಯಲ್ಲಿ ನೋಡಿ, "ಸೂಪರ್ ಮೇಡಂ. ಆದ್ರೆ ಅವ್ರು ಸುಮ್ನೆ ಬಿಡ್ತಾರಾ?" ಎಂದರು. ನಾನು ನಕ್ಕುಬಿಟ್ಟೆ.

ವಾರದಲ್ಲೇ ಆ ಸಂದರ್ಶನವನ್ನು ತಾಂತ್ರಿಕ ಕಾರಣದಿಂದ ರದ್ದು ಮಾಡಿದರು. ಮತ್ತೆ ನಡೆಸಿದ ಎರಡನೇ ಸಂದರ್ಶನಕ್ಕೆ ನನ್ನನ್ನು ಕರೆಯಲಿಲ್ಲ. ಅದನ್ನು ಸೆಮಿಸ್ಟರ್ ರಜೆ ನೋಡಿಯೇ ಇಟ್ಟರು. ರಜೆಯಲ್ಲಿ ಅತಿಥಿಗಳಿಗೆ ಕೆಲಸವೂ ಇಲ್ಲ, ಕಾಲೇಜಿನ ಸುದ್ದಿಯೂ ಇಲ್ಲ. ಇದೆಲ್ಲ ನನಗೆ ತಿಳಿದದ್ದು ಆ ಹೆಣ್ಣುಮಗಳು ಒಂದು ಬೆಳಿಗ್ಗೆ ನನ್ನ ಮನೆಗೆ ಬಂದಾಗ. ಕೈಯಲ್ಲಿ ಎರಡನೇ ಸಂದರ್ಶನಕ್ಕೆ ಕರೆದ ಪತ್ರದ ಲಕೋಟೆ, ಜೊತೆಗೆ ಆಯ್ಕೆಪಟ್ಟಿ. ಪಟ್ಟಿಯಲ್ಲಿ ಮೊದಲನೆಯವನು ದೊಡ್ಡಪ್ಪ ಆರಾಮಾಗಿದ್ದ ಆ ಯುವಕನೇ. ಅವಳ ಹೆಸರಿನ ಮುಂದೆ ಗೈರುಹಾಜರು ಎಂದಿತ್ತು. ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿದೆ. ಸಂದರ್ಶನ ಮುಗಿದ ಮಾರನೇ ದಿನದ್ದು.

"ಈ ವರ್ಷ ಗೆಸ್ಟ್ ಆಗಿ ಕೂಡ ಬೇಡ ಅಂದ್ಬಿಟ್ರು ಮೇಡಂ," ಎಂದಳು.

ನಾನು ಪೆನ್ಸಿಲ್ ಹಿಡಿದಿದ್ದರೆ ಅವಳಿಗೆ ಅದಾದರೂ ಉಳಿಯುತ್ತಿತ್ತೇನೋ. ಅವಳೆದುರಿಗೇ ಅಧ್ಯಕ್ಷರಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ಕೂಗಾಡಿದೆ. ಅವರ ದನಿ ಒಂದಿಷ್ಟೂ ಏರಲಿಲ್ಲ.

"ಅವರೇ ಬರ್ಲಿಲ್ಲ ಮೇಡಂ, ನಾವೇನ್ ಮಾಡೋಣ? ಬಂದೋರಲ್ಲಿ ಒಳ್ಳೇವ್ರನ್ನ ತಗೊಂಡ್ವಿ."

ಫೋನು ಇಟ್ಟೆ. ಕೋರ್ಟಿಗೆ ಹೋಗೋಣ, ನಾನು ಸಾಕ್ಷಿ ಹೇಳುತ್ತೇನೆ ಎಂದೆ. ಅವಳು ಪಟ್ಟಿಯನ್ನು ಮಡಿಚಿ ಲಕೋಟೆಯೊಳಗೆ ಇಟ್ಟುಕೊಂಡು ಎದ್ದಳು.

"ನೋಡೋಣ ಮೇಡಂ," ಎಂದಳು. "ಅವತ್ತು ನಾನು ಹೇಳಿದ ಪಾಠ ಮಾತ್ರ ಅವ್ರಿಗೆ ಚೆನ್ನಾಗೇ ಅರ್ಥ ಆಗಿದೆ."